ಊಟದಲ್ಲಿ ನಾರಿನಂಶವನ್ನು ಹೆಚ್ಚಿಸಿಕೊಳ್ಳುವ ಕ್ರಮ

ಮಲಬದ್ಧತೆಯಿಂದ ಬಳಲುವವರು ನಾರಿನಂಶ ಹೆಚ್ಚು ತಿನ್ನಬೇಕೆಂಬ ಸಲಹೆ ಕೇಳಿ, ಮರುದಿನದಿಂದಲೇ ಎರಡು ಹೊತ್ತೂ ಕಾಳುಪಲ್ಯ ಮತ್ತು ತಟ್ಟೆ ತುಂಬ ಹಸಿ ತರಕಾರಿ ತಿಂದು, ಮೂರನೆಯ ದಿನ ಹೊಟ್ಟೆಯುಬ್ಬರ ತಾಳಲಾರದೆ ಎಲ್ಲವನ್ನೂ ಬಿಟ್ಟುಬಿಡುವುದು ಬಹಳ ಸಾಮಾನ್ಯ. ಕರುಳಿಗೆ ಹೊಂದಿಕೊಳ್ಳಲು ಸಮಯ ಕೊಡದಿರುವುದೇ ಇದಕ್ಕೆ ಮುಖ್ಯ ಕಾರಣ.

ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳನ್ನು ಸೇರುವ ಸಸ್ಯಾಂಶವೇ ನಾರು. ಧಾನ್ಯದ ಹೊಟ್ಟು, ತರಕಾರಿಯ ಸಿಪ್ಪೆ ಮತ್ತು ಸೊಪ್ಪಿನ ದಂಟಿನಲ್ಲಿ ಹೆಚ್ಚಾಗಿರುವ, ನೀರಿನಲ್ಲಿ ಕರಗದ ನಾರು ಮಲದ ಗಾತ್ರವನ್ನು ಹೆಚ್ಚಿಸಿ ಅದು ಸುಲಭವಾಗಿ ಮುಂದೆ ಸಾಗುವಂತೆ ಮಾಡುತ್ತದೆ. ಕರಗುವ ನಾರಿನ ಬಗೆ ಬೇರೆ: ಮೆಂತ್ಯವನ್ನು ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಕಾಣುವ ಲೋಳೆಯೇ ಅದರ ಗುರುತು. ಈ ಲೋಳೆ ಊಟದ ಸಕ್ಕರೆಯನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತದೆ, ಕೊಲೆಸ್ಟ್ರಾಲಿನಿಂದಲೇ ತಯಾರಾಗುವ ಪಿತ್ತಾಮ್ಲಗಳನ್ನು (ಪಿತ್ತರಸದ ಆಮ್ಲಗಳನ್ನು) ಹಿಡಿದು ಹೊರಹಾಕಿ ಕೆಟ್ಟ ಕೊಲೆಸ್ಟ್ರಾಲ್ ತಗ್ಗಲು ನೆರವಾಗುತ್ತದೆ. ಇದಲ್ಲದೆ, ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಹಲವು ಬಗೆಯ ನಾರನ್ನು ಹುದುಗಿಸಿ ಬ್ಯುಟಿರೇಟ್ ಮುಂತಾದ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಈ ಬ್ಯುಟಿರೇಟೇ ಮುಖ್ಯ ಆಹಾರ. ಅದೇ ಹುದುಗುವಿಕೆಯಲ್ಲಿ ಅನಿಲವೂ ಹುಟ್ಟುವುದರಿಂದ, ಏಕಾಏಕಿ ನಾರು ಹೆಚ್ಚಿಸಿದವರ ಹೊಟ್ಟೆ ಉಬ್ಬುತ್ತದೆ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಇದನ್ನು ನೋಡೋಣ. 100 ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ. ಮೈದಾ ಹಿಟ್ಟಿನದೂ ಹೆಚ್ಚುಕಡಿಮೆ ಅಷ್ಟೇ. ಅಷ್ಟೇ ತೂಕದ ರಾಗಿ, ಸಜ್ಜೆ ಅಥವಾ ಜೋಳದಲ್ಲಿ 10ರಿಂದ 11 ಗ್ರಾಂ, ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ, ಇಡೀ ಕಡಲೆಯಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಮೂರು ಹೊತ್ತೂ ಇಡ್ಲಿ, ಚಿತ್ರಾನ್ನ, ಅನ್ನ ಎಂದು ಅಕ್ಕಿಯಲ್ಲೇ ಕಳೆಯುವ ದಿನ ಎಷ್ಟು ಕೊರತೆ ಬೀಳುತ್ತದೆಂದು ಇದರಿಂದಲೇ ತಿಳಿಯುತ್ತದೆ.

ಮೊದಲ ವಾರ ಒಂದೇ ಒಂದು ಹೊತ್ತಿನ ಅನ್ನದ ಬದಲು ಮುದ್ದೆಯನ್ನೋ ಜೋಳದ ರೊಟ್ಟಿಯನ್ನೋ ತಿನ್ನಿರಿ, ಬೇರೇನನ್ನೂ ಬದಲಿಸಬೇಡಿ. ಎರಡನೆಯ ವಾರ ದಿನಕ್ಕೊಂದು ಪಲ್ಯವನ್ನೋ ಸೊಪ್ಪಿನ ಬಸ್ಸಾರನ್ನೋ ಸೇರಿಸಿ, ದಂಟನ್ನು ಎಸೆಯದೆ ಬಳಸಿರಿ. ಮೂರನೆಯ ವಾರ ಕಾಳುಗಳ ಸರದಿ. ಹುರುಳಿ, ಅಲಸಂದೆ, ಕಡಲೆ ಯಾವುದೇ ಇರಲಿ, ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿದರೆ ಅನಿಲ ಹುಟ್ಟಿಸುವ ಸಕ್ಕರೆಗಳ ಒಂದು ಪಾಲು ನೀರಿನೊಂದಿಗೆ ಹೋಗುತ್ತದೆ; ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು. ಆಮೇಲೆ ಸಂಜೆಯ ಬಿಸ್ಕತ್ತಿನ ಜಾಗಕ್ಕೆ ಸೀಬೆಹಣ್ಣು ಬರಲಿ. 100 ಗ್ರಾಂ ಸೀಬೆಯಲ್ಲಿ 8 ಗ್ರಾಂಗೂ ಹೆಚ್ಚು ನಾರಿರುವುದರಿಂದ, ಇಷ್ಟು ಅಗ್ಗಕ್ಕೆ ಇಷ್ಟು ಉಪಕಾರ ಮಾಡುವ ಹಣ್ಣು ನಮ್ಮ ಸಂತೆಯಲ್ಲಿ ಮತ್ತೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಯಾವ ಹಂತದಲ್ಲಾದರೂ ಹೊಟ್ಟೆ ಉಬ್ಬಿದರೆ ಹಿಂದಿನ ಹಂತಕ್ಕೆ ಮರಳಿ ಕೆಲವು ದಿನ ಅಲ್ಲೇ ನಿಲ್ಲಿರಿ.

ನಾರಿನೊಂದಿಗೆ ನೀರೂ ಹೆಚ್ಚಬೇಕು. ನೀರು ಸಾಲದಿದ್ದರೆ ಮಲ ಇನ್ನಷ್ಟು ಗಟ್ಟಿಯಾಗಿ, ಮೂಲವ್ಯಾಧಿಯವರಿಗೆ ನೋವು ಉಲ್ಬಣಿಸಬಹುದು. ಊಟದ ಜೊತೆ ನೀರುಮಜ್ಜಿಗೆ, ನಡುನಡುವೆ ನೀರು ಕುಡಿಯುವುದನ್ನು ರೂಢಿಸಿಕೊಳ್ಳಿರಿ.

ಮುದ್ದೆ ನುಣ್ಣಗೆ ಬರಲೆಂದು ರಾಗಿಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದು ಹೊಟ್ಟನ್ನು ಚೆಲ್ಲುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಕೂಸಿನ ರಾಗಿ ಸರಿಗೆ ಹಾಗೆ ಮಾಡುವುದು ಸರಿಯೇ. ದೊಡ್ಡವರ ಮುದ್ದೆಗೆ ಅದರ ಅಗತ್ಯವಿಲ್ಲ. ಹೀರೆಕಾಯಿ ಸಿಪ್ಪೆಯನ್ನು ಚಟ್ನಿಯಾಗಿಸುವ ಹಳೆಯ ಪದ್ಧತಿಯನ್ನು ಉಳಿಸಿಕೊಳ್ಳಿರಿ. ಹಣ್ಣನ್ನು ಹಿಂಡಿ ಸೋಸಿದ ರಸದಲ್ಲಿ ನಾರು ಬಹುಪಾಲು ಉಳಿಯುವುದಿಲ್ಲವಾದ್ದರಿಂದ ಹಣ್ಣನ್ನು ಅಗಿದು ತಿನ್ನುವುದೇ ಮೇಲು.

ಮಲಬದ್ಧತೆಗೆಂದು ಅಂಗಡಿಯಿಂದ ತಂದು ಬಳಸುವ ನಾರಿನ ಪುಡಿಯಾದ ಇಸಬ್ಗೋಲನ್ನು ತುಂಬು ಲೋಟ ನೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು; ಒಣಪುಡಿಯನ್ನು ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ಅದು ಔಷಧಿಗಳ ಹೀರಿಕೆಯನ್ನು ತಡೆಯಬಲ್ಲದಾದ್ದರಿಂದ, ಥೈರಾಯ್ಡ್ ಮುಂತಾದ ಮಾತ್ರೆ ನುಂಗುವವರು ನಡುವೆ ಎಷ್ಟು ಗಂಟೆಯ ಅಂತರ ಬೇಕೆಂದು ವೈದ್ಯರನ್ನು ಕೇಳಿಕೊಳ್ಳಿರಿ. ಕರುಳು ಕಿರಿದಾಗಿರುವವರು, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ತಾವಾಗಿಯೇ ನಾರು ಹೆಚ್ಚಿಸಬಾರದು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ವಾಂತಿಯೊಂದಿಗೆ ಹೊಟ್ಟೆ ಬಿಗಿದು ಗಾಳಿಯೂ ಹೋಗದಿದ್ದರೆ ಊಟ ಬದಲಿಸಿ ನೋಡೋಣವೆಂದು ಕಾಯದೆ ವೈದ್ಯರ ಬಳಿಗೆ ಹೋಗಿರಿ. ಈ ಕೊನೆಯ ಲಕ್ಷಣದಲ್ಲಂತೂ ಅಂದೇ ಹೋಗಬೇಕು.