ಪೈಪನ್ನು ತಿಂದವರು ಯಾರು? ಉಪ್ಪುನೀರಿನ ಲೈನ್‌ನಲ್ಲಿ ನನ್ನ ಅನುಭವ

ತೈಲದ ಜೊತೆ ಮೇಲೆ ಬರುವ ಉಪ್ಪುನೀರನ್ನು ಮತ್ತೆ ಬಾವಿಗೆ ತಳ್ಳುವ ಹತ್ತು ಇಂಚಿನ ಲೈನ್ ಅದು. ಪದೇ ಪದೇ ತೂತು ಬೀಳುತ್ತಿತ್ತು. ಎಲ್ಲರೂ ಎಸ್‌ಆರ್‌ಬಿ (ಸಲ್ಫೇಟನ್ನು ಸಲ್ಫೈಡ್ ಮಾಡುವ ಬ್ಯಾಕ್ಟೀರಿಯಾ) ಎಂದರು. ನಾನು ಆಕ್ಸಿಜನ್ ಎಂದೆ. "ಹೈಡ್ರೋಜನ್ ಸಲ್ಫೈಡ್ ವಾಸನೆ ಹೊಡೆಯುವ ನೀರಲ್ಲಿ ಆಕ್ಸಿಜನ್ ಎಲ್ಲಿಂದ ಬರುತ್ತೆ ಸಾರ್?" ಎಂದು ಮೀಟಿಂಗ್‌ನಲ್ಲಿ ನಕ್ಕರು. ಈಗ ಲೈನ್‌ನ ಮೊದಲರ್ಧದಲ್ಲಿ ಹತ್ತಿರ ಹತ್ತಿರ ಎರಡು ವರ್ಷದಿಂದ ಹೊಸ ಲೀಕ್ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಹೊಸಬರಿಗೆ ಒಂದೇ ಮಾತು: ಕೂಪನ್ ಅಂದರೆ ತುಕ್ಕು ಅಳೆಯಲು ತೂಕ ನೋಡಿ ಲೈನ್ ಒಳಗೆ ಇಡುವ ಲೋಹದ ತುಂಡು, ಪಿಗ್ ಅಂದರೆ ಶುಚಿ ಮಾಡಲು ಇಲ್ಲವೇ ತಪಾಸಣೆಗೆ ಪೈಪಿನೊಳಗೆ ಓಡಿಸುವ ಸಾಧನ, ಪಿಟ್ ಅಂದರೆ ತುಕ್ಕು ಕೊರೆದ ಗುಳಿ.

ಬ್ಯಾಕ್ಟೀರಿಯಾ ಎಂಬ ತೀರ್ಮಾನ ಹೇಗೆ ಬಂತು ಅಂದರೆ, ಬಗ್ ಬಾಟಲಿ (ನೀರು ಹಾಕಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯಾ ಎಂದು ನೋಡುವ ಬಾಟಲಿ) ಕಪ್ಪಾಯಿತು. ಅಷ್ಟೇ. ಅದರ ಮೇಲೆ ಬಯೋಸೈಡ್ (ಬ್ಯಾಕ್ಟೀರಿಯಾ ಕೊಲ್ಲುವ ರಾಸಾಯನಿಕ) ಡೋಸ್ ಎರಡು ಪಟ್ಟಾಯಿತು, ಬಿಲ್ಲೂ ಎರಡು ಪಟ್ಟಾಯಿತು, ತೂತಿನ ಮೇಲೆ ಕ್ಲಾಂಪ್ ಹಾಕುವ ಕೆಲಸ ಮಾತ್ರ ನಿಲ್ಲಲಿಲ್ಲ. ಅವರ ವಾದಕ್ಕೆ ಹಿಂದಿನ ಉದಾಹರಣೆಗಳೂ ಇದ್ದವು. 2006ರಲ್ಲಿ ಅಲಾಸ್ಕಾದ ಪ್ರೂಡೋ ಬೇ ಲೈನ್ ಸೋರಿದಾಗ ಅದರ ತಳದಲ್ಲಿ ಕೆಸರು ಕೂತಿತ್ತು, 1998ರ ನಂತರ ಅಲ್ಲಿ ಪಿಗ್ಗನ್ನೇ ಓಡಿಸಿರಲಿಲ್ಲ. 2000ರಲ್ಲಿ ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಹತ್ತಿರ ಗ್ಯಾಸ್ ಲೈನ್ ಒಡೆದು 12 ಜನ ಸತ್ತರು, ಅಲ್ಲಿಯೂ ಒಳಗಿನ ತುಕ್ಕು, ಅಲ್ಲಿಯೂ ಸೂಕ್ಷ್ಮಜೀವಿಗಳ ಮಾತು ಬಂದಿತ್ತು. ಸರಿ, ಒಪ್ಪೋಣ. ಆದರೆ ಅಲ್ಲಿ ಹಾಗಾಯಿತು ಅಂತ ಇಲ್ಲೂ ಹಾಗೇ ಆಗಬೇಕಾ?

ಬಾಟಲಿ ವಿಷಯ ಮೊದಲು ಮುಗಿಸುತ್ತೇನೆ. ಎಸ್‌ಆರ್‌ಬಿ ಬಾಟಲಿಯನ್ನು 28 ದಿನ ಕಾಯಿಸಿ ಓದಬೇಕು. ನೀರಲ್ಲಿ ಮೊದಲೇ ಸಲ್ಫೈಡ್ ಇದ್ದರೆ ಬಾಟಲಿಯೊಳಗಿನ ಕಬ್ಬಿಣ ಸಿಕ್ಕಿ ಒಂದೆರಡು ಗಂಟೆಯಲ್ಲೇ ಕಪ್ಪಾಗುತ್ತದೆ. ಅದಕ್ಕೂ ಬ್ಯಾಕ್ಟೀರಿಯಾಕ್ಕೂ ಸಂಬಂಧವಿಲ್ಲ. ನಮ್ಮ ಬಾಟಲಿಗಳನ್ನು ಯಾರೂ ಮೊದಲ ದಿನ ನೋಡಿರಲೇ ಇಲ್ಲ, ಕೊನೆಯಲ್ಲಿ ನೋಡಿ "ಎಲ್ಲಾ ಕಪ್ಪು" ಎಂದು ಬರೆದಿದ್ದರು. ಅದೂ ಅಲ್ಲದೆ ನೀರಲ್ಲಿ ತೇಲುವ ಜೀವಿಗಳನ್ನು ಎಣಿಸಿ ಏನು ಪ್ರಯೋಜನ? ಪೈಪಿಗೆ ಅಂಟಿಕೊಂಡವೇ ಕೆಲಸ ಮಾಡುವುದು. ಇಂಥ ನೀರಿನಲ್ಲಿ ಹುಡುಕಿದರೆ ಎಸ್‌ಆರ್‌ಬಿ ಸಿಕ್ಕೇ ಸಿಗುತ್ತದೆ. ಮನೆಯಲ್ಲಿ ಇದ್ದಾನೆ ಅಂದ ಮಾತ್ರಕ್ಕೆ ಕಳ್ಳ ಅವನೇ ಆಗುವುದಿಲ್ಲ.

ನನಗೆ ಅನುಮಾನ ಬಂದದ್ದು ಎಂಎಫ್‌ಎಲ್ ಪಿಗ್ (ಆಯಸ್ಕಾಂತದಿಂದ ಪೈಪ್ ಗೋಡೆಯ ಸವೆತ ಅಳೆಯುವ ಪಿಗ್) ರಿಪೋರ್ಟ್ ನೋಡಿದಾಗ. ಎಲ್ಲರೂ ಅದರಲ್ಲಿ ಅತಿ ಆಳದ ಪಿಟ್ ಯಾವುದು, ಕ್ಲಾಂಪ್ ಎಲ್ಲಿ ಹಾಕಬೇಕು ಎಂದಷ್ಟೇ ನೋಡುತ್ತಾರೆ. ನಾನು ಆಳದ ಕಾಲಮ್ಮನ್ನು ಬದಿಗಿಟ್ಟೆ. ಪ್ರತಿ ಪಿಟ್ ಲೈನ್ ಶುರುವಿನಿಂದ ಎಷ್ಟು ದೂರ, ಪೈಪಿನ ಸುತ್ತಿನಲ್ಲಿ ಗಡಿಯಾರದ ಯಾವ ಗಂಟೆಯ ಜಾಗ (ಹನ್ನೆರಡು ಅಂದರೆ ಮೇಲೆ, ಆರು ಅಂದರೆ ತಳ), ನೆಲ ಅಲ್ಲಿ ಏರುತ್ತಿದೆಯಾ ಇಳಿಯುತ್ತಿದೆಯಾ, ಈ ಮೂರನ್ನು ಒಂದೇ ಶೀಟ್‌ನಲ್ಲಿ ಎಳೆದೆ. ಕೆಸರಿನ ಕೆಳಗಿನ ತುಕ್ಕಾದರೆ ಪಿಟ್‌ಗಳು ಆರು ಗಂಟೆ ಜಾಗದಲ್ಲಿ, ತಗ್ಗುಗಳಲ್ಲಿ, ಹರಿವು ನಿಧಾನ ಆಗುವ ಕಡೆ ಗುಂಪಾಗಬೇಕು ಅಲ್ವಾ? ಇಲ್ಲಿ ಮುಕ್ಕಾಲು ಪಾಲು ಪಿಟ್‌ಗಳು ಲೈನ್ ಶುರುವಾಗುವ ನೀರಿನ ಟ್ಯಾಂಕ್ ಬಿಟ್ಟು ಮೊದಲ ಮೂರ್ನಾಲ್ಕು ಕಿಲೋಮೀಟರ್ ಒಳಗೇ ಇದ್ದವು. ಸುತ್ತಲೂ ಇದ್ದವು, ಹತ್ತು ಗಂಟೆಗೂ ಇದ್ದವು, ಎರಡು ಗಂಟೆಗೂ ಇದ್ದವು. ಮುಂದೆ ಹೋದ ಹಾಗೆ ವಿರಳವಾಗುತ್ತಾ ಹೋಗಿದ್ದವು. ಏನೋ ಒಂದು ನೀರಿನ ಜೊತೆ ಒಳಗೆ ಬರುತ್ತಿದೆ, ದಾರಿಯಲ್ಲಿ ಖರ್ಚಾಗಿ ಮುಗಿಯುತ್ತಿದೆ. ಕಬ್ಬಿಣದ ಪೈಪಿನಲ್ಲಿ ಹಾಗೆ ಖರ್ಚಾಗುವುದು ಆಕ್ಸಿಜನ್. ಈ ಶೀಟ್ ಮಾಡಲು ಒಂದು ಪೈಸೆ ಖರ್ಚಿಲ್ಲ. ರಿಪೋರ್ಟಿಗೆ ಆಗಲೇ ದುಡ್ಡು ಸುರಿದಾಗಿತ್ತು.

ಕೂಪನ್ ಏನು ಹೇಳುತ್ತಿತ್ತು? ವರ್ಷಕ್ಕೆ 0.03 ಮಿಲಿಮೀಟರ್, "ಎಲ್ಲ ಚೆನ್ನಾಗಿದೆ". ಅದೇ ಪೈಪ್ 9.5 ಮಿಲಿಮೀಟರ್ ದಪ್ಪ, ಐದಾರು ವರ್ಷಕ್ಕೆ ತೂತು. ಕೂಪನ್ ಇದ್ದದ್ದು ಲೈನ್‌ನ ಆ ಕೊನೆಯಲ್ಲಿ, ಹರಿವಿಲ್ಲದ ಕವಲೊಂದರಲ್ಲಿ. ಮೇಲಾಗಿ ತೂಕದ ಲೆಕ್ಕ ಇಡೀ ಮೈಯ ಸರಾಸರಿ ಕೊಡುತ್ತದೆ, ಪಿಟ್ ಅದರಲ್ಲಿ ಮುಚ್ಚಿಹೋಗುತ್ತದೆ. ಇಆರ್ ಪ್ರೋಬ್ (ಲೋಹ ಸವೆದಂತೆ ಅದರ ವಿದ್ಯುತ್ ರೋಧ ಏರುವುದನ್ನು ಅಳೆಯುವ ಸಾಧನ) ಅಂತೂ ಇನ್ನೂ ತಮಾಷೆ, ಕಬ್ಬಿಣ ಬೆಳೆಯುತ್ತಿದೆ ಎಂದು ತೋರಿಸುತ್ತಿತ್ತು! ಐರನ್ ಸಲ್ಫೈಡ್ ಕರೆಂಟ್ ಹಾಯಿಸುತ್ತದೆ, ಪ್ರೋಬ್ ಮೇಲೆ ಕೂತರೆ ರೀಡಿಂಗ್ ಹೀಗೇ ಕೆಡುತ್ತದೆ. ಹೊಸ ಕೂಪನ್‌ಗಳನ್ನು ಟ್ಯಾಂಕ್ ಬುಡದಲ್ಲಿ, ಪೈಪ್ ಗೋಡೆಗೆ ಸಮನಾಗಿ ಕೂರಿಸಿದೆ. ಒಂದೂವರೆ ತಿಂಗಳಿಗೆ ತೆಗೆದಾಗ ತೂಕ ಅಷ್ಟೇನೂ ಇಳಿದಿರಲಿಲ್ಲ, ಆದರೆ ಪಿಟ್‌ಗಳು ಬೆರಳಿಗೆ ಸಿಗುತ್ತಿದ್ದವು.

ಆದರೂ ಯಾರೂ ನಂಬಲಿಲ್ಲ. ಪೈಪಿನ ಒಳಮೈಗೆ ಕಟ್ಟಿದ ಹೆಕ್ಕಳೆಯ ಸಾಕ್ಷಿ ತೋರಿಸು ಎಂದರು. ಅಲ್ಲೇ ಇರುವುದು ತೊಡಕು. ಪೈಪ್ ಕತ್ತರಿಸಿದ ಕೂಡಲೇ ಒಳಗೆ ಕಪ್ಪಗೆ, ಒದ್ದೆಯಾಗಿ ಹೊಳೆಯುತ್ತಿರುವುದು ಕಣ್ಣೆದುರೇ ಅಂಚಿನಿಂದ ಕಂದಾಗಲು ಶುರುವಾಗುತ್ತದೆ, ಅರ್ಧ ಗಂಟೆಯಲ್ಲಿ ಕಿತ್ತಳೆ ಬಣ್ಣ. ಐರನ್ ಸಲ್ಫೈಡ್ ಗಾಳಿ ಕುಡಿದು ಐರನ್ ಆಕ್ಸೈಡ್ ಮತ್ತು ಗಂಧಕ ಆಗುತ್ತದೆ. ಒಣಗಿದರೆ ಹೊತ್ತಿಕೊಳ್ಳಲೂಬಹುದು, ಆ ಎಚ್ಚರ ಇರಲಿ. ಹಾಗಾಗಿ ಲ್ಯಾಬ್‌ನವರು ಆಕ್ಸೈಡ್ ಇದೆ ಎಂದರೆ ಎದುರಿನವರು "ಅದು ಕತ್ತರಿಸಿದ ಮೇಲೆ ಆದದ್ದು" ಎಂದು ಸುಮ್ನೆ ತಳ್ಳಿಹಾಕುತ್ತಾರೆ. ಅವರು ಹೇಳುವುದರಲ್ಲೂ ತಪ್ಪಿಲ್ಲ.

ನಾನು ಮಾಡಿದ್ದು ಜೋಡಿ ಸ್ಯಾಂಪಲ್. ಒಂದೇ ಪಿಟ್‌ನ ಹೆಕ್ಕಳೆಯನ್ನು ಎರಡು ಭಾಗ ಮಾಡಿದೆ. ಒಂದನ್ನು ಎಲ್ಲರೂ ಮಾಡುವ ಹಾಗೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಇನ್ನೊಂದನ್ನು ಪೈಪಿನೊಳಗೆ ನೈಟ್ರೋಜನ್ ಹರಿಯುತ್ತಿರುವಾಗಲೇ ಕೆರೆದು, ನೈಟ್ರೋಜನ್ ತುಂಬಿದ ಡಬ್ಬಿಗೆ ಹಾಕಿ ಸೀಲ್ ಮಾಡಿ ತಣ್ಣಗಿಟ್ಟೆ. ಕೆರೆಯುವಾಗ ಪದರ ಪದರವಾಗಿ ಬೇರೆ ಮಾಡಿದೆ, ಮೇಲಿನ ಕಪ್ಪು ಬೇರೆ, ಪಿಟ್‌ನ ತಳದ್ದು ಬೇರೆ. ಗಾಳಿ ಸೋಕದೆ ತಳದ ಪುಡಿ ತೆಗೆಯಲು ಒಂದು ಸಣ್ಣ ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನದ ದಾರಿ. ಎರಡನ್ನೂ ಒಂದೇ ಲ್ಯಾಬಿಗೆ, ಒಂದೇ ದಿನ ಎಕ್ಸ್‌ಆರ್‌ಡಿಗೆ (ಪುಡಿಯಲ್ಲಿ ಯಾವ ಖನಿಜ ಇದೆ ಎಂದು ಎಕ್ಸ್‌ರೇಯಿಂದ ನೋಡುವ ಪರೀಕ್ಷೆ) ಕೊಟ್ಟೆ. ಮೊದಲ ಸಲ ದಾರಿಯಲ್ಲಿ ಡಬ್ಬಿಯ ಮುಚ್ಚಳ ಸಡಿಲಾಗಿ ಎರಡೂ ಒಂದೇ ಥರ ಬಂತು, ಆ ಖರ್ಚು ನೀರಲ್ಲಿ ಹೋಮ. ಎರಡನೇ ಸಲ ಸರಿಯಾಗಿ ಬಂತು. ಚೀಲದ್ದರಲ್ಲಿ ಗೋಥೈಟ್ (ಆಕ್ಸಿಜನ್‌ನಿಂದ ಆಗುವ ತುಕ್ಕು), ಗಂಧಕ ಜಾಸ್ತಿ, ಅದು ನಿರೀಕ್ಷಿಸಿದ್ದೇ. ಸೀಲ್ ಮಾಡಿದ್ದರಲ್ಲಿ ಮೇಲಿನ ಪದರ ಬಹುಪಾಲು ಮ್ಯಾಕಿನಾವೈಟ್ (ಒಂದು ಬಗೆಯ ಐರನ್ ಸಲ್ಫೈಡ್), ತಳದಲ್ಲಿ ಮಾತ್ರ ಗೋಥೈಟ್ ಮತ್ತು ಬಿಡಿ ಗಂಧಕ. ಕತ್ತರಿಸಿದ ಮೇಲೆ ಗಾಳಿ ತಾಗಿದ್ದರೆ ಮೇಲಿನ ಪದರ ಮೊದಲು ಕೆಡಬೇಕಿತ್ತು. ತಳದ್ದು ಕೆಟ್ಟು ಮೇಲಿನದು ಉಳಿದಿದೆ ಅಂದರೆ ಆಕ್ಸಿಜನ್ ಬಂದದ್ದು ಲೈನ್ ಓಡುತ್ತಿರುವಾಗಲೇ. ಮೀಟಿಂಗ್‌ನಲ್ಲಿ ಆ ದಿನ ಯಾರೂ ನಗಲಿಲ್ಲ.

ಈಗ ಪ್ರಶ್ನೆ, ಎಲ್ಲಿಂದ ಬರುತ್ತಿದೆ? ಹಗಲು ಆಕ್ಸಿಜನ್ ಅಳೆಯುವ ಆಂಪ್ಯೂಲ್ ಒಡೆದು ನೋಡಿದರೆ 10–15 ಪಿಪಿಬಿ (ನೂರು ಕೋಟಿ ಭಾಗದಲ್ಲಿ ಅಷ್ಟು ಭಾಗ), ಸಾಮಾನ್ಯವಾಗಿ ಒಪ್ಪುವ 20ಕ್ಕಿಂತ ಕೆಳಗೆ. ಆಕ್ಸಿಜನ್ ಮೀಟರ್ ಬಾಡಿಗೆಗೆ ತಂದು ರಾತ್ರಿಯೂ ಬಿಟ್ಟೆ. ಮೊದಮೊದಲು ರೀಡಿಂಗ್ ಯಾವಾಗಲೂ ಮೇಲೇ ಇತ್ತು. ಕಾರಣ ಸ್ಯಾಂಪಲ್ ಪಾಯಿಂಟಿನಿಂದ ಮೀಟರಿಗೆ ಇದ್ದ ಪ್ಲಾಸ್ಟಿಕ್ ಟ್ಯೂಬ್. ಅದರ ಗೋಡೆಯ ಮೂಲಕವೇ ಆಕ್ಸಿಜನ್ ಒಳಗೆ ಇಳಿಯುತ್ತದೆ, ಪಿಪಿಬಿ ಲೆಕ್ಕದಲ್ಲಿ ಅದೇ ದೊಡ್ಡದು. ಸ್ಟೇನ್‌ಲೆಸ್ ಟ್ಯೂಬ್ ಹಾಕಿದ ಮೇಲೆ ಹಗಲಿನ ಗೆರೆ ಕೆಳಗೆ ಮಲಗಿತು. ರಾತ್ರಿ ಮಾತ್ರ ಒಮ್ಮೊಮ್ಮೆ 300–400ಕ್ಕೆ ಜಿಗಿದು, ಅರ್ಧ ಮುಕ್ಕಾಲು ಗಂಟೆ ಇದ್ದು ಇಳಿಯುತ್ತಿತ್ತು.

ಆ ಹೊತ್ತನ್ನು ಟ್ಯಾಂಕ್ ಲೆವೆಲ್ ಜೊತೆ ಇಟ್ಟು ನೋಡಿದೆ, ಸಿಕ್ಕಿಬಿತ್ತು. ರಾತ್ರಿ ಎರಡೂ ಪಂಪ್ ಒಟ್ಟಿಗೆ ಓಡಿಸಿ ಟ್ಯಾಂಕ್ ಬೇಗ ಇಳಿಸುತ್ತಿದ್ದರು. ಗಾಳಿ ಬರದಂತೆ ಟ್ಯಾಂಕಿನ ಖಾಲಿ ಜಾಗಕ್ಕೆ ತುಂಬುವ ಬ್ಲಾಂಕೆಟ್ ಗ್ಯಾಸಿನ ರೆಗ್ಯುಲೇಟರ್ ಒಂದು ಪಂಪಿಗೆ ಆಗುವಷ್ಟು ಸೈಜಿನದು. ಎರಡು ಓಡಿದಾಗ ಗ್ಯಾಸ್ ಸಾಲದೆ ಟ್ಯಾಂಕ್ ಒಳಗೆ ವ್ಯಾಕ್ಯೂಮ್ ಆಗಿ ಬ್ರೀದರ್ ವಾಲ್ವ್ ತೆರೆದು ಗಾಳಿ ಎಳೆದುಕೊಳ್ಳುತ್ತಿತ್ತು. ವಾಲ್ವ್ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು, ಇಲ್ಲದಿದ್ದರೆ ಟ್ಯಾಂಕ್ ಅಪ್ಪಚ್ಚಿಯಾಗುತ್ತಿತ್ತು. ಸ್ಕ್ಯಾವೆಂಜರ್ (ನೀರಿನ ಆಕ್ಸಿಜನ್ ಹೀರುವ ಸೋಡಿಯಂ ಬೈಸಲ್ಫೈಟ್) ಹಾಕುತ್ತಿದ್ದೆವಲ್ಲ ಎಂದರು. ಹಾಕುತ್ತಿದ್ದದ್ದು ಹಗಲಿನ ರೀಡಿಂಗ್ ನೋಡಿ. 1 ಪಿಪಿಎಂ ಆಕ್ಸಿಜನ್‌ಗೆ ಲೆಕ್ಕದ ಪ್ರಕಾರವೇ ಸುಮಾರು 6.5 ಪಿಪಿಎಂ ಸೋಡಿಯಂ ಬೈಸಲ್ಫೈಟ್ ಬೇಕು, ರಾತ್ರಿಯ ಜಿಗಿತಕ್ಕೆ ಅದು ಎಲ್ಲಿ ಸಾಲುತ್ತದೆ? ಸಲ್ಫೈಡ್ ಇರುವ ನೀರಿನಲ್ಲಿ ಅದರ ಕೋಬಾಲ್ಟ್ ಕ್ಯಾಟಲಿಸ್ಟ್ ಕೂಡ ಕೆಟ್ಟುಹೋಗಿ ಕೆಲಸ ನಿಧಾನವಾಗುತ್ತದೆ.

ಇದರ ನಡುವೆ ಕುತೂಹಲಕ್ಕೆ ಜಾಡಿ ಪ್ರಯೋಗವೂ ಮಾಡಿದೆ. ಅದೇ ನೀರು, ಅದೇ ಪೈಪಿನಿಂದ ಕತ್ತರಿಸಿದ ತುಂಡುಗಳು. ಒಂದಕ್ಕೆ ಗಾಳಿ ಇಲ್ಲ, ಒಂದಕ್ಕೆ ದಿನಕ್ಕೊಮ್ಮೆ ಸ್ವಲ್ಪ ಗಾಳಿ, ಒಂದಕ್ಕೆ ಅಷ್ಟೇ ಗಾಳಿ ಮತ್ತು ಬಯೋಸೈಡ್. ಗಾಳಿ ಬಿಟ್ಟ ಕೂಡಲೇ ಎರಡು ಜಾಡಿಗಳ ನೀರೂ ಮಸುಕಾಯಿತು, ಬಿಡಿ ಗಂಧಕ. ಮೂರು ವಾರಕ್ಕೆ ಎರಡರಲ್ಲೂ ಪಿಟ್ ಬಂತು, ಬಯೋಸೈಡ್ ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಗಾಳಿ ಇಲ್ಲದ ತುಂಡು ಬರೀ ಕಪ್ಪಾಗಿ ಕೂತಿತ್ತು. ಪೈಪಿನ ಹರಿವು ಜಾಡಿಯಲ್ಲಿ ಇರುವುದಿಲ್ಲ, ಹಾಗಾಗಿ ಇದನ್ನು ರಿಪೋರ್ಟಿಗೆ ಹಾಕಲಿಲ್ಲ. ಮ್ಯಾನೇಜರ್ ಮೇಜಿನ ಮೇಲೆ ಮಾತ್ರ ಇಟ್ಟೆ.

ಆಗಲೇ ಕಣ್ಣಿಗೆ ಬಿದ್ದದ್ದು ಇನ್ನೊಂದು. ಗ್ಲುಟರಾಲ್ಡಿಹೈಡ್ (ನಮ್ಮ ಬಯೋಸೈಡ್) ಹಾಕುವ ಪಾಯಿಂಟ್, ಬೈಸಲ್ಫೈಟ್ ಹಾಕುವ ಪಾಯಿಂಟ್, ನಡುವೆ ನಾಲ್ಕು ಹೆಜ್ಜೆ! ಇವೆರಡೂ ಸೇರಿದರೆ ಒಂದನ್ನೊಂದು ತಿಂದುಹಾಕುತ್ತವೆ. ಬಯೋಸೈಡ್ ಎರಡು ಪಟ್ಟು ಮಾಡಿದಾಗ ಅವರು ಸ್ಕ್ಯಾವೆಂಜರನ್ನೂ ಜಾಸ್ತಿ ಕೊಲ್ಲುತ್ತಿದ್ದರು. ಅಂದರೆ ದುಡ್ಡು ಕೊಟ್ಟು ತುಕ್ಕು ಕೊಂಡ ಹಾಗಾಯಿತು.

ನೀರಿನ ಸ್ಯಾಂಪಲ್ ಬಗ್ಗೆ ಎರಡೇ ಮಾತು. ಪಿಎಚ್ ಅನ್ನು ಸ್ಥಳದಲ್ಲೇ ನೋಡಿ, ಲ್ಯಾಬ್ ಸೇರುವಷ್ಟರಲ್ಲಿ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಮೇಲೇರಿ ನೀರು ಸಾಧುವಾಗಿ ಕಾಣುತ್ತದೆ. ಸಲ್ಫೈಡ್ ಇರುವ ಕಡೆ ಐರನ್ ಕೌಂಟ್ (ನೀರಲ್ಲಿರುವ ಕಬ್ಬಿಣ) ಕಡಿಮೆ ಇದೆ ಎಂದು ಖುಷಿಪಡಬೇಡಿ, ಕಬ್ಬಿಣ ಸಲ್ಫೈಡ್ ಆಗಿ ದಾರಿಯಲ್ಲೇ ಕೂತುಬಿಡುತ್ತದೆ. ಮ್ಯಾಂಗನೀಸ್ ನೋಡಿ, ಸ್ಟೀಲ್‌ನಲ್ಲಿ ಅದು ಸುಮಾರು 1 ಶೇಕಡಾ ಇರುತ್ತದೆ, ನೀರಲ್ಲೇ ಉಳಿಯುತ್ತದೆ. ಆದರೆ ಬಾವಿಯ ನೀರಲ್ಲಿ ಮೊದಲೇ ಎಷ್ಟಿದೆ ಎಂದು ಅಳೆದು ಕಳೆಯಬೇಕು.

ಕೊನೆಗೆ ಮಾಡಿದ ರಿಪೇರಿ ನೋಡಿದರೆ ನಗು ಬರುತ್ತದೆ. ದೊಡ್ಡ ರೆಗ್ಯುಲೇಟರ್ ಒಂದು, ಎರಡು ಪಂಪ್ ಒಟ್ಟಿಗೆ ಓಡಿಸಬಾರದೆಂಬ ಚೀಟಿ ಒಂದು, ಬೈಸಲ್ಫೈಟ್ ಪಾಯಿಂಟ್ ಮುಂದಕ್ಕೆ, ಗ್ಲುಟರಾಲ್ಡಿಹೈಡ್ ವಾರಕ್ಕೊಮ್ಮೆ ಸ್ಕ್ಯಾವೆಂಜರ್ ನಿಲ್ಲಿಸಿದ ಹೊತ್ತಲ್ಲಿ. ರೆಗ್ಯುಲೇಟರ್ ಬೆಲೆ ಒಂದು ತಿಂಗಳ ಬಯೋಸೈಡ್ ಬಿಲ್ಲಿನಷ್ಟೂ ಇರಲಿಲ್ಲ. ಎಕ್ಸ್‌ಆರ್‌ಡಿ, ಮೀಟರ್ ಬಾಡಿಗೆ, ನೈಟ್ರೋಜನ್ ಎಲ್ಲ ಸೇರಿಸಿದರೂ ಪೈಪ್ ತುಂಡು ಬದಲಿಸುವ ಒಂದು ಶಟ್‌ಡೌನ್‌ನ ಕಾಲುಭಾಗ. ಬಯೋಸೈಡ್ ಬಿಲ್ಲು ಹಳೆಯದರ ಅರ್ಧಕ್ಕೆ ಇಳಿದಿದೆ, ಕೊಡುತ್ತಿದ್ದವರಿಗೆ ನನ್ನ ಮೇಲೆ ಕೋಪ.

ಲೈನ್‌ನ ಕೊನೆಯಲ್ಲಿ, ತಗ್ಗು ದಾಟಿ ಏರುವ ಕಡೆ, ಆರು ಗಂಟೆ ಜಾಗದಲ್ಲಿ ಒಂದಿಷ್ಟು ಪಿಟ್‌ಗಳು ಇನ್ನೂ ಬೆಳೆಯುತ್ತಿವೆ. ಅಲ್ಲಿಗೆ ಆಕ್ಸಿಜನ್ ತಲುಪುವುದಿಲ್ಲ. ಅದು ನಿಜವಾಗಿಯೂ ಕೆಸರು ಮತ್ತು ಬ್ಯಾಕ್ಟೀರಿಯಾದ ಕೆಲಸ ಇರಬಹುದು, ಅದಕ್ಕೇ ಬಯೋಸೈಡ್ ಪೂರ್ತಿ ನಿಲ್ಲಿಸಲು ನಾನು ಬಿಟ್ಟಿಲ್ಲ. ಮುಂದಿನ ಶಟ್‌ಡೌನ್‌ನಲ್ಲಿ ಆ ತುಂಡು ಕತ್ತರಿಸುತ್ತೇವೆ. ಡಬ್ಬಿಗೆ ಈ ಸಲ ಒಳ್ಳೆಯ ಮುಚ್ಚಳ ತಂದಿದ್ದೇನೆ.