ಆಮೆನ್ ಎಂದ ಮೇಲೆ ಮನೆಯೊಳಗೆ

ಸೊಸೆಯಾಗಿ ಕಾಲಿಟ್ಟ ಮನೆಯಲ್ಲಿ ಈಗ ನಾನು ಅತ್ತೆಯೂ ಹೌದು, ಅಜ್ಜಿಯೂ ಹೌದು. ಹೊಸದಾಗಿ ಸಂಸಾರ ಹೂಡಿದ ಮಕ್ಕಳು ಬಂದು, ಕ್ರೈಸ್ತ ನಂಬಿಕೆಯನ್ನು ಮನೆಯಲ್ಲಿ ಬಾಳುವುದು ಹೇಗೆಂದು ಕೇಳಿದಾಗ, ಗೋಡೆಯ ಮೇಲೆ ಯಾವ ವಾಕ್ಯ ಇರಬೇಕು, ದಿನಕ್ಕೆ ಎಷ್ಟು ಅಧ್ಯಾಯ ಓದಬೇಕು ಎಂಬುದನ್ನು ಹೇಳುವ ಮೊದಲು ನಾನು ಅವರನ್ನು ಒಂದು ಮಾತು ಕೇಳುತ್ತೇನೆ: ಪ್ರಾರ್ಥನೆ ಮುಗಿದು ಆಮೆನ್ ಎಂದ ಮರುಗಳಿಗೆಯಲ್ಲಿ ನಿಮ್ಮ ಮನೆಯಲ್ಲಿ ಕೇಳಿಬರುವ ಮೊದಲ ಮಾತು ಯಾವುದು? ಸಭೆಯವರು ನಮ್ಮನ್ನು ವಾರಕ್ಕೆ ಒಂದೆರಡು ಗಂಟೆ, ಒಗೆದು ಮಡಿಸಿದ ಬಟ್ಟೆಯಲ್ಲಿ ನೋಡುತ್ತಾರೆ. ಮನೆಯವರು ನೋಡುವುದು ಹಾಲು ಉಕ್ಕಿ ಚೆಲ್ಲಿದಾಗ, ಬೀಗದ ಕೈ ಸಿಗದಿದ್ದಾಗ, ಮಗು ನಡುರಾತ್ರಿ ಮೂರನೆಯ ಸಲ ಎದ್ದು ಅತ್ತಾಗ. ಆದ್ದರಿಂದ ದೀನತೆಯ ಅಭ್ಯಾಸವನ್ನು ಅವರ ಮುಂದೆಯೇ ಆರಂಭಿಸಬೇಕಾಗುತ್ತದೆ.

ಕುಟುಂಬ ಪ್ರಾರ್ಥನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನನ್ನ ಬಾಳಿನ ಒಂದು ದೊಡ್ಡ ತಪ್ಪು ನಡೆದದ್ದು ಅಲ್ಲಿಯೇ. ನನ್ನ ಹಿರಿಯ ಮಗನಿಗೆ 15 ವರ್ಷವಾಗಿದ್ದಾಗ ಅವನಿಗೆ ಓದಿನ ಮೇಲಿನ ಗಮನ ತಪ್ಪಿತ್ತು. ಒಂದು ಸಂಜೆ ಎಲ್ಲರೂ ಮಂಡಿಯೂರಿದ್ದಾಗ ನಾನು ಗಟ್ಟಿಯಾದ ಧ್ವನಿಯಲ್ಲಿ, "ಕರ್ತನೇ, ಈ ಮಗನ ಸೋಮಾರಿತನವನ್ನು ಬಿಡಿಸು, ತಂದೆತಾಯಿಯ ಕಷ್ಟ ಇವನಿಗೆ ಅರ್ಥವಾಗುವಂತೆ ಮಾಡು" ಎಂದು ಬೇಡಿಕೊಂಡೆ. ಎಲ್ಲರೂ ಆಮೆನ್ ಎಂದರು, ಅವನೊಬ್ಬ ಹೇಳಲಿಲ್ಲ. ಕಣ್ಣು ತೆರೆದು ನೋಡಿದರೆ ಅವನ ಕಿವಿಗಳು ಕೆಂಪೇರಿದ್ದವು. ತಲೆಯೆತ್ತದೆ, ಹೆಬ್ಬೆರಳಿನ ಉಗುರಿನಿಂದ ಚಾಪೆಯ ಒಂದು ಎಳೆಯನ್ನು ಮೆಲ್ಲಗೆ ಕೀಳುತ್ತ ಕುಳಿತಿದ್ದ. ನಾನು ಆಡಿದ್ದು ದೇವರೊಡನೆ ಅಲ್ಲವೆಂದು ನನಗೆ ಆಗ ಹೊಳೆಯಿತು. ದೇವರ ಹೆಸರನ್ನು ಮರೆಮಾಡಿಕೊಂಡು, ತಿರುಗಿ ಮಾತನಾಡಲಾಗದ ಹೊತ್ತು ನೋಡಿ, ಹುಡುಗನನ್ನು ಎಲ್ಲರೆದುರು ಬೈದಿದ್ದೆ. ಆಮೇಲೆ ಹಲವು ತಿಂಗಳು ಅವನು ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಏನಾದರೊಂದು ನೆಪ ಹುಡುಕಿಕೊಳ್ಳುತ್ತಿದ್ದ.

ಗಂಡನ ಸಿಟ್ಟು, ಸೊಸೆಯ ಮಾತಿನ ಬಿರುಸು, ಮಕ್ಕಳ ಹಟ, ಇವೆಲ್ಲವನ್ನೂ ದೇವರಿಗೆ ಹೇಳಿಕೊಳ್ಳಲೇಬೇಕು. ಆದರೆ ಅದಕ್ಕೆ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ತೋರಿಸಿದ ಕೋಣೆ ಇದೆ, ಅದರ ಬಾಗಿಲು ಮುಚ್ಚಿಕೊಳ್ಳುತ್ತದೆ. ಎಲ್ಲರೂ ಕೂಡಿದಾಗ ಒಬ್ಬರ ಹೆಸರು ಹಿಡಿದು ಬೇಡುವುದಾದರೆ ಅವರಿಗಾಗಿ ಕೃತಜ್ಞತೆ ಹೇಳಿರಿ, ಅವರ ಪರೀಕ್ಷೆಗೋ ಕಾಯಿಲೆಗೋ ಸಹಾಯ ಕೇಳಿರಿ. ಕೊರತೆಯ ಮಾತು ಬಂದರೆ ನಿಮ್ಮದನ್ನೇ ಹೇಳಿರಿ. "ಕರ್ತನೇ, ಇಂದು ಬೆಳಿಗ್ಗೆ ನಾನು ತಾಳ್ಮೆ ಕಳೆದುಕೊಂಡೆ" ಎಂದು ತಂದೆಯ ಬಾಯಿಂದ ಕೇಳಿದ ಮಗುವಿಗೆ ಪಾಪನಿವೇದನೆ ಎಂದರೇನೆಂದು ಬೇರೆ ಪಾಠ ಮಾಡಬೇಕಾಗಿಲ್ಲ. ಸಣ್ಣ ಮಕ್ಕಳಿರುವ ಮನೆಯಲ್ಲಿ ಇಡೀ ಪ್ರಾರ್ಥನೆ 10 ನಿಮಿಷದೊಳಗೆ ಮುಗಿಯಲಿ. ಸತ್ಯವೇದದ ಭಾಗವನ್ನು ಓದುವ ಸರದಿ ಚಿಕ್ಕವರಿಗೂ ಬರಲಿ. ನೆಬೂಕದ್ನೆಚ್ಚರನ ಹೆಸರಿನಲ್ಲಿ ನಾಲಿಗೆ ತೊಡರಿದರೆ ನಡುವೆ ತಿದ್ದಲು ಹೋಗಬೇಡಿರಿ.

6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗಾಗಿ ಬರೆದ ನಿಯಮಗಳ 13ನೇ ಅಧ್ಯಾಯದಲ್ಲಿ ಸಂಸಾರಸ್ಥರಿಗೂ ಒದಗುವ ಒಂದು ಮಾತಿದೆ. ಬೆಳಗಿನ ಮತ್ತು ಸಂಜೆಯ ಆರಾಧನೆಯ ಕೊನೆಗೆ ಹಿರಿಯರು ಕರ್ತನ ಪ್ರಾರ್ಥನೆಯನ್ನು ಎಲ್ಲರಿಗೂ ಕೇಳುವಂತೆ ಪೂರ್ತಿಯಾಗಿ ಹೇಳಲೇಬೇಕು ಎಂಬುದು ಆ ನಿಯಮ; ಒಟ್ಟಿಗೆ ಬಾಳುವವರ ನಡುವೆ ಮನಸ್ತಾಪದ ಮುಳ್ಳುಗಳು ಹುಟ್ಟುತ್ತಲೇ ಇರುತ್ತವೆ, ನಾವು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸು ಎಂದು ತಾವೇ ಕೊಟ್ಟ ಮಾತು ಅವನ್ನು ಕೀಳಲಿ ಎಂಬುದು ಅದರ ಕಾರಣ. ಮಠದಲ್ಲಿಯೇ ಹಾಗಿದ್ದರೆ ಒಂದೇ ಬಚ್ಚಲುಮನೆಗೆ ಆರು ಜನ ಸರದಿ ಕಾಯುವ ಸಂಸಾರದಲ್ಲಿ ಎಷ್ಟು ಮುಳ್ಳು ಹುಟ್ಟುವುದಿಲ್ಲ! ನಮ್ಮ ಮನೆಯಲ್ಲಿ ಆ ಸಾಲು ಬಂದಾಗ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಗುವ ರೂಢಿ ಇದೆ. ಆ ಮೌನದಲ್ಲಿ ಯಾರ ಮುಖ ಕಣ್ಣಮುಂದೆ ಬಂದರೂ, ಪ್ರಾರ್ಥನೆ ಮುಗಿದ ಮೇಲೆ ಅವರ ಬಳಿ ಹೋಗಿ ಒಂದು ಮಾತಾದರೂ ಆಡಬೇಕೆಂದು ನಾವು ಗೊತ್ತುಮಾಡಿಕೊಂಡಿದ್ದೇವೆ.

ಕ್ಷಮೆ ಕೇಳುವುದರಲ್ಲಿಯೂ ಕಲಿಯಬೇಕಾದದ್ದು ಬಹಳ ಇದೆ. "ತಪ್ಪು ನನ್ನದೇ, ಆದರೆ ನೀನು ಹಾಗೆ ಅಂದದ್ದಕ್ಕೆ ನನಗೆ ಸಿಟ್ಟು ಬಂತು" ಎಂಬ ಮಾತಿನಲ್ಲಿ "ಆದರೆ" ಎಂದೊಡನೆ ಮುಂದಿನದು ಮತ್ತೊಂದು ಜಗಳವಾಗುತ್ತದೆ. ತಪ್ಪು ಏನೆಂದು ಬಿಡಿಸಿ ಹೇಳಿರಿ. "ಏನಾದರೂ ತಪ್ಪಾಗಿದ್ದರೆ" ಎಂದು ತೇಲಿಸಿಬಿಟ್ಟರೆ ಕೇಳುವವರಿಗೆ ಅದು ಕ್ಷಮೆಯೆನಿಸುವುದಿಲ್ಲ. ನಾಲ್ಕು ಜನರ ಮುಂದೆ ಗದರಿಸಿದ್ದರೆ ಕ್ಷಮೆಯನ್ನೂ ಆ ನಾಲ್ವರ ಮುಂದೆಯೇ ಕೇಳಿರಿ, ಬೈಗುಳ ಪಡಸಾಲೆಯಲ್ಲಿ, ಕ್ಷಮೆ ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಎಂದಾಗಬಾರದು. ಚಿಕ್ಕವರ ಹತ್ತಿರ ಕ್ಷಮೆ ಕೇಳಿದರೆ ಹಿರಿತನ ಕಳೆದುಹೋಗುತ್ತದೆ ಎಂಬ ಅಂಜಿಕೆ ನನಗೂ ಇತ್ತು. ಚಾಪೆಯ ಎಳೆ ಕೀಳುತ್ತಿದ್ದ ಆ ಹುಡುಗನ ಹತ್ತಿರ ನಾನು ಕ್ಷಮೆ ಕೇಳಿದಾಗ, ಮತ್ತೆ ಎಲ್ಲರೂ ಮಂಡಿಯೂರಿದ್ದ ಹೊತ್ತಿನಲ್ಲಿಯೇ ಕೇಳಿದೆ. ಅಂದು ರಾತ್ರಿ ಅವನು ನೀರು ಕುಡಿಯುವ ನೆಪದಲ್ಲಿ ಬಂದು ನನ್ನ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಂಡ.

ಸೂರ್ಯ ಮುಳುಗುವ ಮೊದಲು ಸಿಟ್ಟು ತೀರಬೇಕೆಂದು ಪೌಲನು ಎಫೆಸದವರಿಗೆ ಬರೆದ ಮಾತನ್ನು ಕೆಲವು ದಂಪತಿಗಳು ಹಿಡಿದ ಹಟದಲ್ಲಿ, ರಾತ್ರಿ ಎರಡು ಗಂಟೆಯವರೆಗೆ ಕುಳಿತು ಲೆಕ್ಕ ಚುಕ್ತಾ ಮಾಡಲು ಹೋಗಿ, ನಿದ್ದೆಗೆಟ್ಟು ಇನ್ನೂ ಕಟುವಾದ ಮಾತುಗಳನ್ನು ಆಡಿಬಿಡುತ್ತಾರೆ. ವಾದ ಅಂದೇ ಮುಗಿಯಬೇಕೆಂದೇನೂ ಇಲ್ಲ. "ಇದನ್ನು ನಾಳೆ ಮಾತನಾಡೋಣ, ನಿನ್ನ ಮೇಲೆ ನನಗೆ ಹಗೆಯಿಲ್ಲ" ಎಂದು ಹೇಳಿ ದೀಪ ಆರಿಸಿದರೆ ಸಾಕು. ಆದರೆ ನಾಳೆ ಎಂದ ಮೇಲೆ ನಾಳೆ ಮಾತನಾಡಲೇಬೇಕು.

ಇನ್ನು ಭಾನುವಾರದ ಬೆಳಗು. ಆರಾಧನೆಗೆ ಹೊರಡುವ ಗಡಿಬಿಡಿಯಲ್ಲಿ ಆಗುವಷ್ಟು ಜಗಳ ವಾರದ ಬೇರಾವ ದಿನವೂ ಆಗುವುದಿಲ್ಲವೆಂಬುದು ನನ್ನ ಅನುಭವ. ಒಂದು ಕಾಲಿನ ಕಾಲುಚೀಲ ಸಿಗುವುದಿಲ್ಲ, ಅಂಗಿಯ ಗುಂಡಿ ಕಿತ್ತಿರುತ್ತದೆ, ಕಾಣಿಕೆಗೆ ಚಿಲ್ಲರೆ ಇರುವುದಿಲ್ಲ. ದಾರಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡು ಬಂದು, ದೇವಾಲಯದ ಬಾಗಿಲಲ್ಲಿ ಇದ್ದಕ್ಕಿದ್ದಂತೆ ಮುಗುಳ್ನಗುವ ತಂದೆತಾಯಿಯನ್ನು ಮಕ್ಕಳು ನೋಡುತ್ತಲೇ ಇರುತ್ತಾರೆ. ಅದಕ್ಕೆ ಶನಿವಾರ ರಾತ್ರಿ ಮಲಗುವ ಮೊದಲು ಎಲ್ಲರ ಬಟ್ಟೆಯನ್ನು ಗುಂಡಿ ನೋಡಿ ಮಡಿಸಿಡಿ, ಪಾದರಕ್ಷೆಗಳನ್ನು ಜೋಡಿಯಾಗಿ ಬಾಗಿಲ ಬಳಿ ಸಾಲಾಗಿ ಇಡಿ, ಸತ್ಯವೇದ, ಕೀರ್ತನೆ ಪುಸ್ತಕ ಮತ್ತು ಕಾಣಿಕೆಯನ್ನು ಒಂದೇ ಚೀಲದಲ್ಲಿ ಹಾಕಿಡಿ. ಅಷ್ಟು ಮಾಡಿಯೂ ಮನಸ್ತಾಪ ಬಂದರೆ, ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆಯೆಂದು ನೆನಪಾದಾಗ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದ ಸ್ವಾಮಿಯ ಮಾತಿನಂತೆ, ಐದು ನಿಮಿಷ ತಡವಾದರೂ ಚಿಂತೆಯಿಲ್ಲ, ಅಂಗಳದಲ್ಲಿ ನಿಂತು ಸರಿಮಾಡಿಕೊಂಡು ಒಳಗೆ ಹೋಗಿರಿ.

ಮನೆಗೆಲಸದ ವಿಷಯಕ್ಕೆ ಬಂದರೆ, ಮಾರ್ಥಳ ಬಗ್ಗೆ ನಾವು ಅವಸರದ ತೀರ್ಪು ಕೊಡುತ್ತೇವೆಂದು ನನಗೆ ಅನಿಸುತ್ತದೆ. ಲೂಕನ 10ನೇ ಅಧ್ಯಾಯದಲ್ಲಿ ಅವಳು ಮನೆಗೆ ಅತಿಥಿಯಾಗಿ ಬಂದ ಯೇಸು ಸ್ವಾಮಿಗಾಗಿ ದುಡಿದದ್ದು ತಪ್ಪಾಗಿರಲಿಲ್ಲ. ದುಡಿಯುತ್ತಲೇ ತಂಗಿ ಕುಳಿತಿರುವುದನ್ನು ಎಣಿಸಿ, ಅತಿಥಿಯ ಮುಂದೆ ದೂರು ಹೇಳಿದಳು. ನಾನೂ ವರ್ಷಗಟ್ಟಲೆ ಹಾಗೆಯೇ ಎಣಿಸಿದ್ದೇನೆ. ಯಾರು ತೊಳೆಯದೆ ಎದ್ದುಹೋದರು ಎಂದು ನೋಡಿಕೊಂಡು, ಪಾತ್ರೆಗಳನ್ನು ಬೇಕೆಂದೇ ಸದ್ದುಮಾಡಿ ಇಡುತ್ತಿದ್ದೆ. ಬೆನೆಡಿಕ್ಟರು 31ನೇ ಅಧ್ಯಾಯದಲ್ಲಿ ಉಗ್ರಾಣ ನೋಡಿಕೊಳ್ಳುವವನಿಗೆ, ಮಠದ ಪಾತ್ರೆಪರಿಕರಗಳನ್ನೆಲ್ಲ ಯಜ್ಞವೇದಿಯ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು ಹೇಳಿದ್ದಾರೆ. ಅದನ್ನು ಓದಿದ ದಿನದಿಂದ ನಾನು ಬಟ್ಟಲನ್ನು ಸದ್ದಿಲ್ಲದೆ ಇಡಲು ಕಲಿತೆ. ಕೈ ಮೆತ್ತಗಾದಂತೆ ಎಣಿಕೆಯೂ ಕಡಿಮೆಯಾಯಿತು. 17ನೇ ಶತಮಾನದಲ್ಲಿ ಪ್ಯಾರಿಸಿನ ಒಂದು ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಸಹೋದರ ಲಾರೆನ್ಸರಿಗೂ ಸ್ವಭಾವತಃ ಅಡುಗೆಮನೆಯ ಕೆಲಸವೆಂದರೆ ಬೇಸರವಿತ್ತು, ಆದರೂ ಅಲ್ಲಿ ಕಳೆದ 15 ವರ್ಷಗಳಲ್ಲಿ ಪ್ರತಿಯೊಂದನ್ನೂ ದೇವರ ಮೇಲಿನ ಪ್ರೀತಿಗಾಗಿ ಮಾಡುತ್ತ ಅದನ್ನು ಹಗುರ ಮಾಡಿಕೊಂಡರು ಎಂಬುದು ನನ್ನಂಥವರಿಗೆ ದೊಡ್ಡ ಸಮಾಧಾನ. ಇದು ಹೆಂಗಸರಿಗೆ ಮಾತ್ರ ಹೇಳುವ ಮಾತಲ್ಲ. ಸೊಂಟಕ್ಕೆ ಕೈವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದವನು ಗುರು. ಆತನನ್ನು ಕರ್ತನೆಂದು ಕರೆಯುವ ಗಂಡಸು, ರೋಗಿಯ ಹಾಸಿಗೆಯ ಬಟ್ಟೆ ಬದಲಿಸುವುದು ತನ್ನ ಕೆಲಸವಲ್ಲವೆನ್ನುವುದು ಹೇಗೆ?

ಮಕ್ಕಳು ಮನಗುಂದದಂತೆ ಅವರನ್ನು ಕೆಣಕಬಾರದೆಂದು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ತಂದೆಗಳಿಗೆ ಹೇಳಿದೆ. ಮನಗುಂದಿದ್ದಾರೆಂಬುದು ತಿಳಿಯಬೇಕಾದರೆ ಒಬ್ಬೊಬ್ಬರ ಜೊತೆ ಒಂಟಿಯಾಗಿ ಕೂರಬೇಕು. ಮೆಥಡಿಸ್ಟ್ ಸಭೆಗೆ ಬುನಾದಿ ಹಾಕಿದ ಇಂಗ್ಲೆಂಡಿನ ಜಾನ್ ವೆಸ್ಲಿಯವರ ತಾಯಿ ಸುಸಾನಾ ವೆಸ್ಲಿ 19 ಮಕ್ಕಳನ್ನು ಹೆತ್ತು, ಬದುಕುಳಿದ 10 ಮಕ್ಕಳನ್ನು ಬಡತನದಲ್ಲಿಯೇ ಬೆಳೆಸಿದವರು. ಅಂಥ ಮನೆಯಲ್ಲಿಯೂ ವಾರದ ಒಂದೊಂದು ಸಂಜೆಯನ್ನು ಒಂದೊಂದು ಮಗುವಿನ ಜೊತೆ ಮಾತಿಗೆಂದು ಮೀಸಲಿಟ್ಟಿದ್ದರು. ಜಾನನ ಪಾಲಿಗೆ ಬಂದದ್ದು ಗುರುವಾರ. ನಿಮಗೆ ಇಬ್ಬರೋ ಮೂವರೋ ಮಕ್ಕಳಿದ್ದರೆ ವಾರಕ್ಕೆ ಅರ್ಧ ಗಂಟೆ ಒಬ್ಬೊಬ್ಬರಿಗೆ ಕೊಡುವುದು ಆಗದ ಮಾತಲ್ಲ. ಆ ಅರ್ಧ ಗಂಟೆ ಉಪದೇಶಕ್ಕಲ್ಲ, ಕೇಳುವುದಕ್ಕೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಸಭೆಯ ಸೇವೆಯಲ್ಲಿ ಮುಂದಿರುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ತಂದೆತಾಯಿಗೆ ಸಲ್ಲಬೇಕಾದುದನ್ನು ಕೊರ್ಬಾನ್, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸು ಸ್ವಾಮಿ ಮಾರ್ಕನ 7ನೇ ಅಧ್ಯಾಯದಲ್ಲಿ ಖಂಡಿಸಿದ್ದಾರೆ. ವಾರದ ನಾಲ್ಕು ಸಂಜೆ ಕೂಟಗಳಿಗೆ ಓಡಾಡುತ್ತ, ಹಾಸಿಗೆ ಹಿಡಿದ ತಾಯಿಯ ಔಷಧದ ಹೊತ್ತನ್ನು ಇನ್ನೊಬ್ಬರ ಮೇಲೆ ಹೊರಿಸುವುದು ಅದರದೇ ಇನ್ನೊಂದು ರೂಪ. ಒಂದು ಕೂಟವನ್ನು ಬಿಡಿ. ಕಾರಣವನ್ನು ಸಭೆಯಲ್ಲಿ ವಿವರಿಸುವ ಅಗತ್ಯವೂ ಇಲ್ಲ.

ಮನೆಯಲ್ಲಿ ಒಬ್ಬರು ನಂಬಿಕೆಯಿಂದ ದೂರ ಸರಿದಿದ್ದರೆ, ಪ್ರತಿ ಊಟದ ಹೊತ್ತಿಗೂ ವಾಕ್ಯ ಹೇಳಿ ಚುಚ್ಚುವುದರಿಂದ ಅವರು ಊಟಕ್ಕೂ ಬಾರದಂತಾಗುತ್ತಾರೆ. ಸಂತ ಅಗಸ್ಟೀನರ ತಾಯಿ ಮೋನಿಕಾ ತಮ್ಮ ಮಗನಿಗೆ ಬುದ್ಧಿ ಹೇಳುವಂತೆ ಒಬ್ಬ ಬಿಷಪ್ಪರನ್ನು ಅತ್ತು ಕೇಳಿಕೊಂಡಾಗ ಅವರು ಒಪ್ಪಲಿಲ್ಲ. ಅವನು ಈಗ ಕಲಿಯುವ ಸ್ಥಿತಿಯಲ್ಲಿಲ್ಲ, ಅವನನ್ನು ಬಿಟ್ಟುಬಿಡು, ಪ್ರಾರ್ಥನೆ ಮಾತ್ರ ಮಾಡು ಎಂದು ಕಳುಹಿಸಿದರು. ಮಗನಿಗೆ ದೀಕ್ಷಾಸ್ನಾನವಾದದ್ದು ಬಹಳ ವರ್ಷಗಳ ನಂತರ, 387ರಲ್ಲಿ. ಅದೇ ವರ್ಷ ಆ ತಾಯಿ ತೀರಿಕೊಂಡರು. ನಿಮ್ಮ ಮನೆಯಲ್ಲಿ ದೂರ ಸರಿದವನ ತಟ್ಟೆಯನ್ನೂ ಎಂದಿನ ಜಾಗದಲ್ಲಿ ಇಡಿ, ಅವನ ಕೆಲಸದ ಬಗ್ಗೆ ವಿಚಾರಿಸಿ, ಅವನು ತಾನಾಗಿ ಕೇಳಿದ ದಿನ ಮಾತ್ರ ನಂಬಿಕೆಯ ಮಾತು ಆಡಿ.

ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ: ದೀನತೆಯೆಂದರೆ ಹೊಡೆತ ತಿನ್ನುವುದಲ್ಲ. ಹೊಡೆಯುವ ಗಂಡನ ಎದುರು, ಬೆದರಿಸಿ ಹಣ ಕಿತ್ತುಕೊಳ್ಳುವ ಮಗನ ಎದುರು ತಾಳಿಕೊಂಡಿರು ಎಂದು ಸತ್ಯವೇದವನ್ನು ತೋರಿಸುವವರ ಮಾತನ್ನು ಕೇಳಬೇಡಿರಿ. ಎಪ್ಪತ್ತೇಳು ಸಲ ಕ್ಷಮಿಸುವುದು ಬೇರೆ, ಮಕ್ಕಳನ್ನು ಕರೆದುಕೊಂಡು ಸುರಕ್ಷಿತವಾದ ಮನೆಗೆ ಹೋಗಿ ಪೊಲೀಸರ, ಹಿರಿಯರ ನೆರವು ಕೇಳುವುದು ಬೇರೆ. ಎರಡನ್ನೂ ಒಬ್ಬಳೇ ಮಾಡಬಹುದು.

ಈ ವಯಸ್ಸಿನಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದ ಪಾಠ, ಇನ್ನೊಬ್ಬರಿಂದ ಸೇವೆ ಮಾಡಿಸಿಕೊಳ್ಳುವುದು. ಬೆನ್ನು ಬಗ್ಗದ ಕಾರಣ ಕಾಲಿನ ಉಗುರು ಕತ್ತರಿಸಿಕೊಳ್ಳಲು ನನಗೆ ಆಗುತ್ತಿರಲಿಲ್ಲ, ಯಾರಿಗೂ ಹೇಳದೆ ಕಾಲುಚೀಲದಲ್ಲಿ ಮುಚ್ಚಿಟ್ಟುಕೊಂಡಿದ್ದೆ. ಒಂದು ದಿನ ಸೊಸೆ ಬೋಗುಣಿಯಲ್ಲಿ ಬಿಸಿನೀರು ತಂದು ನೆಲದ ಮೇಲೆ ಕುಳಿತಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡು, "ಬೇಡಮ್ಮ, ನೀನು ನನ್ನ ಕಾಲು ಮುಟ್ಟಬಾರದು" ಎಂದೆ. ಅವಳು ಏನೂ ಹೇಳದೆ, ಕೈಯಲ್ಲಿ ಕೈವಸ್ತ್ರ ಹಿಡಿದುಕೊಂಡು ಕಾದಳು. ನೀನು ನನ್ನ ಕಾಲುಗಳನ್ನು ಎಂದಿಗೂ ತೊಳೆಯಬಾರದೆಂದು ಪೇತ್ರನು ಸ್ವಾಮಿಗೆ ಹೇಳಿದ ಮಾತು ನನಗೆ ಆಗ ನೆನಪಾಯಿತು. ಅಷ್ಟು ವರ್ಷ ಓದಿದ್ದರೂ ಅದನ್ನು ಪೇತ್ರನ ನಮ್ರತೆಯೆಂದೇ ತಿಳಿದುಕೊಂಡಿದ್ದೆ. ನೀರು ಆರುತ್ತ ಬಂದಿತ್ತು. ಕಾಲುಚೀಲ ಬಿಚ್ಚಿ, ಮೊದಲು ಬಲಗಾಲನ್ನು ಬೋಗುಣಿಯಲ್ಲಿ ಇಟ್ಟೆ.