ಯೆಮ್ಟ್‌ಲಾಂಡ್ ರೆಜಿಮೆಂಟಿನ ಸೈನಿಕನ ಜಾಡು ಹಿಡಿಯುವುದು ಹೇಗೆ

ನಾರ್ವೆ ಗಡಿಯ ಯೆಮ್ಟ್‌ಲಾಂಡ್ ಪ್ರಾಂತ್ಯ ಸ್ವೀಡನ್ನಿನ ಕೈಗೆ ಬಂದದ್ದು 1645ರ ಬ್ರೋಮ್ಸೆಬ್ರೂ ಒಪ್ಪಂದದಿಂದ. ಅದಕ್ಕೂ ಹಿಂದಿನವರನ್ನು ಈ ರೆಜಿಮೆಂಟಿನ ಕಡತಗಳಲ್ಲಿ ಹುಡುಕಿ ಫಲವಿಲ್ಲ.

ಹುಡುಕಾಟವನ್ನು ಹೆಸರಿನಿಂದಲ್ಲ, ಊರಿನಿಂದ ಶುರುಮಾಡಿ. ಕೆಲವು ಒಕ್ಕಲುಗಳು ಸೇರಿದರೆ ಒಂದು ರೋಟೆ. ರೋಟೆಗೊಬ್ಬ ಸೈನಿಕ, ಅವನಿಗೆ ಮನೆ, ತುಂಡು ಹೊಲ ಕೊಡುವುದು ಆ ಒಕ್ಕಲುಗಳ ಹೊಣೆ. 1901ರಲ್ಲಿ ಕಡ್ಡಾಯ ಸೈನಿಕ ಸೇವೆ ಬರುವವರೆಗೂ ಇದೇ ಪದ್ಧತಿ. ಸೈನ್ಯ ಸೇರಿದವನಿಗೆ ಹೊಸದೊಂದು ಸೈನಿಕ ಹೆಸರು ಸಿಗುತ್ತಿತ್ತು: ಊಲೋಫ್ ಯೋನ್ಸನ್ ಎಂಬವನು ಸೇರಿದೊಡನೆ ಊಲೋಫ್ ರಾಸ್ಕ್ ಆಗುತ್ತಾನೆ. ಅವನ ಜಾಗಕ್ಕೆ ಬಂದವನಿಗೂ ಎಷ್ಟೋ ಸಲ ಅದೇ ‘ರಾಸ್ಕ್’. ಸಂಬಂಧವೇ ಇಲ್ಲದ ಇಬ್ಬರು ವಂಶಾವಳಿಯಲ್ಲಿ ತಂದೆ-ಮಗ ಆಗಿಬಿಡುವುದು ಹೀಗೆ.

ಮೊದಲು ಆ ಊರಿನ ಚರ್ಚಿನ ಕುಟುಂಬ ದಾಖಲೆಯಲ್ಲಿ ‘ಸೊಲ್ದಾತ್’ (ಸೈನಿಕ) ಎಂಬ ನಮೂದನ್ನೂ ಪಕ್ಕದಲ್ಲಿರುವ ರೋಟೆಯ ಸಂಖ್ಯೆಯನ್ನೂ ಗುರುತಿಸಿ. ಆಮೇಲೆ ಸ್ವೀಡನ್ನಿನ ರಾಷ್ಟ್ರೀಯ ದಾಖಲಾಗಾರದ ಜಾಲತಾಣದಲ್ಲಿ ರೆಜಿಮೆಂಟಿನ ಮಸ್ಟರ್ ರೋಲ್ (ಸೈನಿಕರ ಪಟ್ಟಿ) ತೆರೆಯಿರಿ, ಶುಲ್ಕವಿಲ್ಲ. ಅವನಿದ್ದ ಕಂಪನಿ (ರೆಜಿಮೆಂಟಿನೊಳಗಿನ ತುಕಡಿ) ಹಿಡಿದು, ಅದೇ ಸಂಖ್ಯೆಯ ಸಾಲಿಗೆ ಹೋಗಿ ವಯಸ್ಸು, ಸೇವೆಯ ವರ್ಷ, ಎತ್ತರ ಬರೆದುಕೊಳ್ಳಿ. ಹಿಂದಿನ ರೋಲಿನಲ್ಲೂ ಅದೇ ಸಾಲು ನೋಡಿ: ನಾಲ್ಕು ವರ್ಷದಲ್ಲಿ ವಯಸ್ಸು ಇಪ್ಪತ್ತು ಇಳಿದಿದ್ದರೆ ಅವನು ಬೇರೆ ಮನುಷ್ಯ.

ಎತ್ತರದ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಸ್ವೀಡನ್ನಿನ ಅಡಿ 29.69 ಸೆಂ.ಮೀ. ಹಳೆಯ ಅಡಿಗೆ 12 ಅಂಗುಲ, 1855ರಲ್ಲಿ ಬಂದ ದಶಮಾಂಶ ಪದ್ಧತಿಯಲ್ಲಿ 10. ‘5 ಅಡಿ 8 ಅಂಗುಲ’ ಹಳೆಯ ಲೆಕ್ಕಕ್ಕೆ 168 ಸೆಂ.ಮೀ., ಹೊಸದಕ್ಕೆ 172. ಅಂಗುಲದ ಕಡೆ 10, 11 ಕಂಡರೆ ಅದು ಹಳೆಯ ಅಳತೆಯೇ.

1718–19ರ ಸಾಲುಗಳಿಗೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ನಾರ್ವೆಯ ಟ್ರೋಂಡ್‌ಹೈಮ್ ಮೇಲೆ ದಂಡೆತ್ತಿ ಹೋದ ಸ್ವೀಡನ್ನಿನ ಸೇನಾಪತಿ ಆರ್ಮ್‌ಫೆಲ್ಟನ ಸೇನೆ, ದೊರೆ 12ನೇ ಕಾರ್ಲ್ ಸತ್ತ ಸುದ್ದಿ ಬಂದ ಮೇಲೆ ಹಿಂದಿರುಗುವಾಗ ಟೀಡಾಲ್ ಬೆಟ್ಟದ ಹಿಮಗಾಳಿಗೆ ಸಿಕ್ಕಿತು; ಸತ್ತವರು ಸುಮಾರು 3000. ಅವರೆಲ್ಲ ಯೆಮ್ಟ್‌ಲಾಂಡಿನವರಲ್ಲ, ಫಿನ್ಲೆಂಡಿನ ರೆಜಿಮೆಂಟುಗಳೇ ಅಲ್ಲಿ ಹೆಚ್ಚಿದ್ದವು. ತಾರೀಖಿನ ತೊಡಕು ಬೇರೆ: ದೊರೆ ಸತ್ತದ್ದು ಸ್ವೀಡನ್ನಿನ ಕ್ಯಾಲೆಂಡರಿನಲ್ಲಿ 1718ರ ನವೆಂಬರ್ 30, ನಾರ್ವೆಯದರಲ್ಲಿ ಡಿಸೆಂಬರ್ 11. ಎರಡೂ ಕಡೆಯ ಕಾಗದ ಹೋಲಿಸುವಾಗ ಈ 11 ದಿನ ಸರಿಹೊಂದಿಸಿಕೊಳ್ಳಿ. ಸ್ವೀಡನ್ ಹೊಸ ಕ್ಯಾಲೆಂಡರಿಗೆ ಬದಲಾದದ್ದು 1753ರಲ್ಲಿ.

ಕೊನೆಗೂ ಹೆಸರು ಸಿಗದಿದ್ದರೆ ಎರಡು ಕಡೆ ನೋಡಿ. ಮುಂದೆ ಈ ರೆಜಿಮೆಂಟಿಗೆ ‘ಫೆಲ್ಟ್‌ಯೇಗರೆ’ ಎಂಬ ಹೆಸರು ಬಂದುದರಿಂದ ಸೂಚಿಯಲ್ಲಿ ಅದನ್ನೂ ಹುಡುಕಬೇಕು. ಇನ್ನು ಆಸಾಮಿ ಕುದುರೆ ಸವಾರನಾಗಿದ್ದರೆ, ಅವನ ಹೆಸರು ಕಾಲಾಳುಗಳ ರೋಲಿನಲ್ಲಿ ಇರುವುದಿಲ್ಲ, ಕುದುರೆ ಪಡೆಯ ರೋಲಿನಲ್ಲಿ ನೋಡಿ.